ಸ್ಟಿಕ್ಕರ್ ಮೇಲಿನ ದೊಡ್ಡ ಅಂಕಿ ನೋಡಬೇಡಿ: 65 ಸಾವಿರದೊಳಗೆ ಲ್ಯಾಪ್‌ಟಾಪ್ ಆರಿಸುವ ಬಗೆ

ಪ್ರಶ್ನೆ: ಮಗಳಿಗೆ ಸಿಇಟಿ ಮೂಲಕ ಬೆಂಗಳೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಹಾಸ್ಟೆಲ್‌ನಲ್ಲಿ ಇರುತ್ತಾಳೆ. ಲ್ಯಾಪ್‌ಟಾಪ್‌ಗೆ 60 ಸಾವಿರ ಎತ್ತಿಟ್ಟಿದ್ದೇವೆ, ತೀರಾ ಅಗತ್ಯವಾದರೆ 65. ಅಂಗಡಿಯವರು ಮೂರು ತೋರಿಸಿದರು. ಮೊದಲನೆಯದು ರೈಜನ್ 5 7520ಯು, 16 ಜಿಬಿ ರ‍್ಯಾಮ್, 44 ಸಾವಿರ. ಎರಡನೆಯದು ಇಂಟೆಲ್ ಐ5-12450ಎಚ್, 8 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 2050 ಗ್ರಾಫಿಕ್ಸ್ ಕಾರ್ಡ್, 58 ಸಾವಿರ. ಮೂರನೆಯದು ರೈಜನ್ 7 7735ಎಚ್‌ಎಸ್, 16 ಜಿಬಿ, ಗ್ರಾಫಿಕ್ಸ್ ಕಾರ್ಡ್ ಇಲ್ಲ, 62 ಸಾವಿರ. ‘ಗ್ರಾಫಿಕ್ಸ್ ಕಾರ್ಡ್ ಇರುವುದನ್ನೇ ತೆಗೆದುಕೊಳ್ಳಿ, ಎಂಜಿನಿಯರಿಂಗ್‌ಗೆ ಬೇಕಾಗುತ್ತದೆ’ ಎನ್ನುತ್ತಾರೆ ಅಂಗಡಿಯವರು. ಮಗಳು ಮಷಿನ್ ಲರ್ನಿಂಗ್ ಕಲಿಯಬೇಕೆನ್ನುತ್ತಾಳೆ. ರಜೆಯಲ್ಲಿ ತಮ್ಮನೂ ಅದರಲ್ಲಿ ಆಟವಾಡಬೇಕಂತೆ. ಹೊಸ ಕೋರ್ ಅಲ್ಟ್ರಾ ಬಂದಿದೆ, ಕಾಯಿರಿ ಎನ್ನುವವರೂ ಇದ್ದಾರೆ. ಯಾವುದು ಕೊಳ್ಳಲಿ? — ಹೊಸದುರ್ಗದಿಂದ ಒಬ್ಬ ತಂದೆ

ಉತ್ತರ: ಮೂರನೆಯದನ್ನು ಕೊಳ್ಳಿ. ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮ ಮಗಳ ಪಾಲಿಗೆ ಅದು ಸಲ್ಲುವುದಿಲ್ಲ. ಏಕೆ ಎಂದು ತುಸು ವಿವರವಾಗಿಯೇ ಹೇಳುತ್ತೇನೆ. ನೀವು ಅಂಗಡಿಗೆ ಹೋಗುವಷ್ಟರಲ್ಲಿ ಈ ಮೂರರಲ್ಲಿ ಒಂದೆರಡು ಖಾಲಿಯಾಗಿ, ಅವುಗಳ ಜಾಗದಲ್ಲಿ ಬೇರೆ ಸಂಖ್ಯೆಯವು ಬಂದು ಕೂತಿರುತ್ತವೆ. ಆಗ ನೀವೇ ನೋಡಿ ನಿರ್ಧರಿಸುವಂತಿರಬೇಕು.

ಮೊದಲನೆಯದರಿಂದ ಶುರು ಮಾಡೋಣ, ಏಕೆಂದರೆ ಮೂರರಲ್ಲಿ ಹೆಚ್ಚು ದಾರಿ ತಪ್ಪಿಸುವುದು ಅದೇ. ರೈಜನ್ 5 ಎಂದಿದೆ, 7 ಸಾವಿರದ ಸರಣಿ ಎಂದಿದೆ, 16 ಜಿಬಿ ರ‍್ಯಾಮ್ ಇದೆ, ಬೆಲೆಯೂ ಕಡಿಮೆ. ಯಾರಿಗಾದರೂ ಇದೇ ಲಾಭದ ವ್ಯಾಪಾರ ಅನ್ನಿಸುತ್ತದೆ. ಆದರೆ ಎಎಮ್‌ಡಿಯ ಈ ನಾಲ್ಕಂಕಿಯ ರೈಜನ್ ಹೆಸರುಗಳಲ್ಲಿ ನೋಡಬೇಕಾದದ್ದು ಮೊದಲ ಅಂಕಿಯನ್ನಲ್ಲ, ಮೂರನೆಯದನ್ನು. ಮೊದಲ ಅಂಕಿ ಆ ಚಿಪ್ಪನ್ನು ಯಾವ ವರ್ಷದ ಪಟ್ಟಿಗೆ ಸೇರಿಸಿದರು ಎಂದಷ್ಟೇ ಹೇಳುತ್ತದೆ. ಒಳಗಿನ ವಿನ್ಯಾಸ ಯಾವ ಕಾಲದ್ದು ಎಂಬುದು ಮೂರನೆಯ ಅಂಕಿಯಲ್ಲಿದೆ. 7520ಯು ಎಂಬಲ್ಲಿ ಅದು 2, ಅಂದರೆ ಝೆನ್ 2, 2019ರಲ್ಲಿ ಬಂದ ವಿನ್ಯಾಸ. ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸದ ಎಳೆ). ಅದೇ ಸಾಲಿನಲ್ಲಿ 7530ಯು ಎಂಬುದೊಂದಿದೆ. ಅಂಕಿಯಲ್ಲಿ ಹತ್ತರ ವ್ಯತ್ಯಾಸ, ಒಳಗೆ ಮಾತ್ರ ಝೆನ್ 3, ಆರು ಕೋರ್, ಹನ್ನೆರಡು ಥ್ರೆಡ್. ಎರಡರ ಸ್ಟಿಕ್ಕರ್ ಮೇಲೂ ‘ರೈಜನ್ 5’ ಎಂದೇ ಇರುತ್ತದೆ. ನಿಮ್ಮ ಮೂರನೆಯ ಲ್ಯಾಪ್‌ಟಾಪಿನ 7735ಎಚ್‌ಎಸ್‌ನಲ್ಲಿ ಮೂರನೆಯ ಅಂಕಿ 3, ಕೊನೆಯದು 5. ಆ ಜೋಡಿ ಝೆನ್ 3 ಪ್ಲಸ್ ಎಂದು ತಿಳಿಸುತ್ತದೆ. 7640, 7840, 8645 ಎಂಬಂಥ ಸಂಖ್ಯೆಗಳಲ್ಲಿ ಮೂರನೆಯದು 4, ಅವು ಝೆನ್ 4.

7520ಯುವಿನ ಗ್ರಾಫಿಕ್ಸ್ ಇನ್ನೂ ಬಡಕಲು. ರೇಡಿಯಾನ್ 610ಎಮ್ ಎಂಬ ಹೆಸರಿನಲ್ಲಿ ಅದರೊಳಗೆ ಇರುವುದು ಎರಡೇ ಗ್ರಾಫಿಕ್ಸ್ ಘಟಕಗಳು. ಮೂರನೆಯ ಲ್ಯಾಪ್‌ಟಾಪಿನ 680ಎಮ್‌ನಲ್ಲಿ ಅಂಥವು ಹನ್ನೆರಡು. ಬ್ಯಾಂಕ್ ಕೆಲಸ, ಟ್ಯಾಲಿ, ನುಡಿಯಲ್ಲಿ ಟೈಪಿಂಗ್, ಆನ್‌ಲೈನ್ ತರಗತಿ ಇಷ್ಟಕ್ಕೇ ಆದರೆ 7520ಯು ಸಾಕು, ಬ್ಯಾಟರಿಯನ್ನೂ ಚೆನ್ನಾಗಿಯೇ ಉಳಿಸುತ್ತದೆ. ನಿಮಗೋ ನಿಮ್ಮ ಮನೆಯವರಿಗೋ ಒಂದು ಬೇಕಿದ್ದರೆ ನಾನು ಬೇಡವೆನ್ನುವುದಿಲ್ಲ. ನಾಲ್ಕು ವರ್ಷ ಪ್ರೋಗ್ರಾಮಿಂಗ್ ಮಾಡುವ ಹುಡುಗಿಗೆ ಮಾತ್ರ ಅದನ್ನು ಕೊಡಿಸಬೇಡಿ. ಮೂರನೆಯ ವರ್ಷದಲ್ಲಿ ಮೊಬೈಲ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ತೆರೆದು, ಪರದೆಯ ಮೇಲೇ ಫೋನನ್ನು ನಕಲಿಸುವ ಎಮ್ಯುಲೇಟರ್ ಓಡಿಸಿ, ಜೊತೆಗೆ ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ಇಟ್ಟುಕೊಂಡರೆ ಅದು ತಿಣುಕಾಡುತ್ತದೆ.

ಇಂಟೆಲ್ ಕಡೆಯವರೇನೂ ಸಾಚಾಗಳಲ್ಲ. ಐ5 ಎಂಬ ಎರಡಕ್ಷರದ ಹಿಂದೆ ಎಷ್ಟು ಬಗೆಯ ಚಿಪ್ಪುಗಳಿವೆಯೋ ನೋಡಿ. ಐ5-1235ಯು ಎಂಬುದರಲ್ಲಿ ಬಲಿಷ್ಠ ಕೋರ್ ಎರಡು, ಮಿತವ್ಯಯದ ಚಿಕ್ಕ ಕೋರ್ ಎಂಟು. ನಿಮಗೆ ತೋರಿಸಿದ 12450ಎಚ್‌ನಲ್ಲಿ ನಾಲ್ಕು ಬಲಿಷ್ಠ, ನಾಲ್ಕು ಚಿಕ್ಕವು. 12500ಎಚ್‌ನಲ್ಲಿ ನಾಲ್ಕು ಮತ್ತು ಎಂಟು. ‘ಹತ್ತು ಕೋರ್ ಸರ್’ ಎಂದು 1235ಯು ಮಾರುವವರು ಅದರಲ್ಲಿ ಎಂಟು ಚಿಕ್ಕವು ಎಂಬುದನ್ನು ನುಂಗಿಬಿಡುತ್ತಾರೆ. ಐ3-ಎನ್305 ಎಂಬುದಂತೂ ಎಂಟು ಕೋರ್ ಎಂದು ಬೀಗುತ್ತದೆ, ಎಂಟೂ ಚಿಕ್ಕವೇ. ಹಾಗಾಗಿ ಕೋರ್‌ಗಳ ಒಟ್ಟು ಸಂಖ್ಯೆಯನ್ನು ಇಂಟೆಲ್ ಮತ್ತು ಎಎಮ್‌ಡಿ ನಡುವೆ ನೇರವಾಗಿ ಹೋಲಿಸಬೇಡಿ. 7735ಎಚ್‌ಎಸ್‌ನಲ್ಲಿ ಎಂಟು ಕೋರ್, ಎಂಟೂ ಒಂದೇ ತೂಕದವು, ಹದಿನಾರು ಥ್ರೆಡ್.

ಇನ್ನು ಕೊನೆಯ ಅಕ್ಷರ. ಯು ಎಂದರೆ ಸಾಮಾನ್ಯವಾಗಿ 15 ವ್ಯಾಟ್ ಆಸುಪಾಸಿನಲ್ಲಿ ನಿಶ್ಶಬ್ದವಾಗಿ ನಡೆಯಲು ಮಾಡಿದ್ದು. ಎಚ್ ಎಂದರೆ 45 ವ್ಯಾಟ್, ಎಚ್‌ಎಸ್ ಎಂದರೆ 35ರಿಂದ 54. ಪೂರ್ತಿ ಜೋರು ಹಿಡಿದಾಗ 12450ಎಚ್ 95 ವ್ಯಾಟ್‌ವರೆಗೂ ಏರಬಲ್ಲದು, ಆದರೆ ಆ ಜೋರು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಚಿಪ್ ತೀರ್ಮಾನಿಸುವುದಿಲ್ಲ. ಲ್ಯಾಪ್‌ಟಾಪಿನ ಫ್ಯಾನ್, ತಾಮ್ರದ ಕೊಳವೆ, ಗಾಳಿ ಹೊರಹೋಗುವ ಕಿಂಡಿ ತೀರ್ಮಾನಿಸುತ್ತವೆ. ಸಿನೆಬೆಂಚ್ ಎಂಬ ಪರೀಕ್ಷಾ ತಂತ್ರಾಂಶವನ್ನು ಹತ್ತು ನಿಮಿಷ ಬಿಡದೆ ಓಡಿಸಿ ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಮೊದಲ ಸುತ್ತು ಭರ್ಜರಿ ಅಂಕ ಬರುತ್ತದೆ, ಫ್ಯಾನ್ ಕಿವಿ ತುಂಬುತ್ತದೆ, ಮೂರನೆಯ ನಾಲ್ಕನೆಯ ಸುತ್ತಿನ ಹೊತ್ತಿಗೆ ಕೀಬೋರ್ಡಿನ ಮೇಲ್ಸಾಲು ಬಿಸಿಯೇರಿ ವೇಗ ಇಳಿದುಬಿಡುತ್ತದೆ. ತೆಳ್ಳಗಿನ ಮೈಯಲ್ಲಿ ಕೂತ ಐ7, ದಪ್ಪ ಮೈಯ ಐ5ಗಿಂತ ಹಿಂದೆ ಬೀಳುವುದು ಅಪರೂಪವೇನಲ್ಲ. ತೂಕ ಕಡಿಮೆ, ಸಂಖ್ಯೆ ಹೆಚ್ಚು, ಬೆಲೆಯೂ ಕಡಿಮೆ ಎಂದು ಯಾರಾದರೂ ಹೇಳಿದರೆ ಮೂರರಲ್ಲಿ ಒಂದನ್ನು ಎಲ್ಲೋ ಕೊರೆದಿರುತ್ತಾರೆ ಎಂದೇ ತಿಳಿಯಿರಿ.

ಈಗ ಗ್ರಾಫಿಕ್ಸ್ ವಿಷಯ. ಅದಕ್ಕೂ ಮುಂಚೆ ರ‍್ಯಾಮ್ ಬಗ್ಗೆ ಹೇಳಲೇಬೇಕು, ಏಕೆಂದರೆ ಈ ಬೆಲೆಯಲ್ಲಿ ಗ್ರಾಫಿಕ್ಸ್ ಅರ್ಧ ರ‍್ಯಾಮ್‌ನ ಕಥೆಯೇ.

ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಲ್ಯಾಪ್‌ಟಾಪಿನ ರ‍್ಯಾಮ್‌ನಲ್ಲೇ ಒಂದು ಪಾಲು ಎತ್ತಿಕೊಂಡು ಕೆಲಸ ಮಾಡುತ್ತದೆ. (‘16 ಜಿಬಿ ಎಂದು ದುಡ್ಡು ತೆಗೆದುಕೊಂಡು 15ರಷ್ಟೇ ತೋರಿಸುತ್ತಿದೆ, ಮೋಸ’ ಎಂದು ನನಗೆ ಬರುವ ದೂರುಗಳಿಗೆಲ್ಲ ಇದೇ ಉತ್ತರ. ಮೋಸವಲ್ಲ, ಆ ಒಂದು ಪಾಲನ್ನು ಗ್ರಾಫಿಕ್ಸ್ ಕಾದಿರಿಸಿಕೊಂಡಿದೆ.) ಆ ರ‍್ಯಾಮ್ ಒಂದೇ ಪಟ್ಟಿಯಾಗಿ (ಅಂದರೆ ಸ್ಟಿಕ್) ಕೂತಿದೆಯೋ ಎರಡಾಗಿ ಕೂತಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಡಿಡಿಆರ್4-3200 ಎಂಬ ಬಗೆಯದು ಒಂದೇ ಪಟ್ಟಿ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಮಾಹಿತಿ ಹರಿಯುತ್ತದೆ, ಎರಡು ಪಟ್ಟಿಯಾದರೆ 51.2. ಅದಕ್ಕಿಂತ ಹೊಸ ಬಗೆಯ ಡಿಡಿಆರ್5-4800 ಎರಡು ಪಟ್ಟಿಯಾದರೆ 76.8. ಒಂದೇ ಪಟ್ಟಿಯಾದರೆ ಮದುವೆ ಮನೆಯಲ್ಲಿ ಎಂಟು ಮಂದಿ ಅಡುಗೆಯವರಿದ್ದೂ ಉಗ್ರಾಣಕ್ಕೆ ಒಂದೇ ಕಿರುಬಾಗಿಲು ಇದ್ದಂತೆ: ಒಲೆಗಳು ಉರಿಯುತ್ತಿರುತ್ತವೆ, ಸಾಮಾನು ಬರುವುದಿಲ್ಲ. ಹನ್ನೆರಡು ಘಟಕಗಳ 680ಎಮ್‌ಗೆ ಒಂದೇ ಪಟ್ಟಿಯ ರ‍್ಯಾಮ್ ಕೊಟ್ಟರೆ ಅದರ ಶಕ್ತಿಯ ಬಹುಪಾಲು ಕಾಯುವುದರಲ್ಲೇ ಕಳೆಯುತ್ತದೆ.

ಇದನ್ನು ಇಂಟೆಲ್ ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂದರೆ, ಐರಿಸ್ ಎಕ್ಸ್‌ಇ ಎಂಬ ತನ್ನ ಒಳ ಗ್ರಾಫಿಕ್ಸ್‌ನ ಹೆಸರನ್ನೇ ಅದು ಎರಡು ಚಾನೆಲ್ (ಎರಡು ದಾರಿಯ) ರ‍್ಯಾಮ್ ಇದ್ದರೆ ಮಾತ್ರ ಕೊಡುತ್ತದೆ. ಅದೇ ಚಿಪ್ಪಿಗೆ ಒಂದೇ ಪಟ್ಟಿ ಹಾಕಿದರೆ ವಿಂಡೋಸ್‌ನಲ್ಲಿ ಬರೀ ‘ಯುಎಚ್‌ಡಿ ಗ್ರಾಫಿಕ್ಸ್’ ಎಂದು ಕಾಣಿಸುತ್ತದೆ. ಮನೆಗೆ ತಂದು ನೋಡಿದರೆ ಪೆಟ್ಟಿಗೆಯ ಮೇಲೆ ಇದ್ದ ಹೆಸರು ಪರದೆಯಲ್ಲಿ ಇಲ್ಲ ಎಂದು ಗಾಬರಿಯಾಗುವವರು ಬಹಳ. ಎರಡನೆಯ ಪಟ್ಟಿ ಹಾಕಿದ ಕ್ಷಣ ಹೆಸರು ತಾನಾಗಿ ಬದಲಾಗುತ್ತದೆ.

ಅಂಗಡಿಯಲ್ಲೇ ಇದನ್ನು ನೋಡುವುದು ಸುಲಭ. ಪ್ರದರ್ಶನಕ್ಕಿಟ್ಟ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಕೆಳಗೆ ಬಲಗಡೆ ‘ಸ್ಲಾಟ್ಸ್ ಯೂಸ್ಡ್’ ಎಂಬ ಸಾಲು ಇರುತ್ತದೆ. ಎರಡರಲ್ಲಿ ಒಂದು ಎಂದಿದ್ದರೆ ಒಂದು ಕಿಂಡಿ ಖಾಲಿ ಇದೆ, ಮುಂದೆ ಸೇರಿಸಬಹುದು. ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ‘ರೋ ಆಫ್ ಚಿಪ್ಸ್’ ಎಂದಿದ್ದರೆ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸೆದಿದ್ದಾರೆ, ಕೊಂಡಾಗ ಎಷ್ಟಿದೆಯೋ ಸಾಯುವವರೆಗೂ ಅಷ್ಟೇ. 7520ಯು ಎಲ್‌ಪಿಡಿಡಿಆರ್5 ರ‍್ಯಾಮನ್ನಷ್ಟೇ ಒಪ್ಪುವುದರಿಂದ ಅಂಥ ಲ್ಯಾಪ್‌ಟಾಪುಗಳಲ್ಲಿ ಹೀಗೇ ಇರುತ್ತದೆ. ಅದೇ ಕಿಟಕಿಯಲ್ಲಿ ಪ್ರೊಸೆಸರಿನ ಪೂರ್ತಿ ಹೆಸರು, ಗ್ರಾಫಿಕ್ಸ್‌ನ ಹೆಸರು ಎರಡೂ ಸಿಗುತ್ತವೆ. ಬೆಲೆಪಟ್ಟಿಯ ಚೀಟಿಗಿಂತ ಇದನ್ನು ನಂಬಿ. ಮೂರನೆಯ ಲ್ಯಾಪ್‌ಟಾಪಿನ ಬಗ್ಗೆ ನಾನು ಹೌದೆಂದದ್ದು 16 ಜಿಬಿ ಎರಡು ಪಟ್ಟಿಯಲ್ಲಿ, ಅಂದರೆ ಎಂಟು ಮತ್ತು ಎಂಟು ಇದ್ದರೆ ಮಾತ್ರ. ಹದಿನಾರರ ಒಂದೇ ಪಟ್ಟಿ ಇದ್ದರೆ ಬೆಲೆ ಇಳಿಸಲು ಕೇಳಿ, ಇಲ್ಲವೇ ಇನ್ನೊಂದು ಪಟ್ಟಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯ ಲ್ಯಾಪ್‌ಟಾಪಿಗೆ ಬರೋಣ. ಆರ್‌ಟಿಎಕ್ಸ್ 2050 ಎಂಬ ಹೆಸರಿನಲ್ಲೇ ಒಂದು ತಮಾಷೆ ಇದೆ. 20ರ ಸರಣಿ ಎಂದು ಹೇಳಿಕೊಂಡರೂ ಒಳಗಿರುವುದು 30ರ ಸರಣಿಯ ಆಂಪಿಯರ್ ಚಿಪ್. ಅದೇ ಚಿಪ್ಪನ್ನು ಆರ್‌ಟಿಎಕ್ಸ್ 3050ಯಲ್ಲೂ ಬಳಸಿದ್ದಾರೆ, ಎರಡರಲ್ಲೂ ಲೆಕ್ಕ ಮಾಡುವ ‘ಕೂಡಾ’ (CUDA) ಕೋರ್‌ಗಳ ಸಂಖ್ಯೆ 2048. ಹಾಗಿದ್ದರೆ ವ್ಯತ್ಯಾಸ ಎಲ್ಲಿ? ಮೆಮೊರಿಗೆ ಹೋಗುವ ದಾರಿಯಲ್ಲಿ. 4 ಜಿಬಿಯ 3050ಯಲ್ಲಿ ಆ ದಾರಿ 128 ಬಿಟ್ ಅಗಲ, 2050ಯಲ್ಲಿ 64. ಅರ್ಧಕ್ಕರ್ಧ ಕತ್ತರಿಸಿದ್ದಾರೆ. ಸೆಕೆಂಡಿಗೆ 112 ಜಿಬಿ ಹರಿವು. ಅಷ್ಟಾದರೂ ಲ್ಯಾಪ್‌ಟಾಪಿನ ಮಾಮೂಲಿ ರ‍್ಯಾಮ್‌ಗಿಂತ ಹೆಚ್ಚೇ ಆದ್ದರಿಂದ ಆಟಗಳಲ್ಲಿ 2050 ಕಾರ್ಡ್ 680ಎಮ್‌ಗಿಂತ ಮುಂದೆ ಎಂಬುದು ನಿಜ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದರ ಸ್ವಂತ ಮೆಮೊರಿ ನಾಲ್ಕೇ ಜಿಬಿ. ಈಚಿನ ದೊಡ್ಡ ಆಟಗಳಿಗೆ ಅದು ಸಾಲದು. ಚಿತ್ರದ ಗುಣಮಟ್ಟವನ್ನು ಕೆಳಗಿಳಿಸಿಯೇ ಆಡಬೇಕು.

ಮಗಳ ಮಷಿನ್ ಲರ್ನಿಂಗ್ ವಿಷಯ ಇದಕ್ಕಿಂತ ಮುಖ್ಯ. ಇಲ್ಲಿ 2050 ತಯಾರಿಸುವ ಎನ್‌ವಿಡಿಯಾ ಕಂಪನಿಗೆ ನಿಜವಾದ ಮೇಲುಗೈ ಇದೆ. ಗ್ರಾಫಿಕ್ಸ್ ಚಿಪ್ಪಿನಿಂದ ಲೆಕ್ಕಾಚಾರ ಮಾಡಿಸುವ ಅದರ ‘ಕೂಡಾ’ ಎಂಬ ವ್ಯವಸ್ಥೆ ಎನ್‌ವಿಡಿಯಾ ಚಿಪ್ಪುಗಳಲ್ಲಿ ಮಾತ್ರ ನಡೆಯುತ್ತದೆ. ಪೈಟಾರ್ಚ್‌ನಂಥ ಮಷಿನ್ ಲರ್ನಿಂಗ್ ಸಲಕರಣೆಗಳ ಹೆಚ್ಚಿನ ಪಾಠಗಳನ್ನು ಅದನ್ನೇ ಎದುರಿಗಿಟ್ಟುಕೊಂಡು ಬರೆದಿರುತ್ತಾರೆ. 680ಎಮ್ ಇಲ್ಲಿ ಲೆಕ್ಕಕ್ಕಿಲ್ಲ. ಅಂಗಡಿಯವರ ವಾದ ಗಟ್ಟಿಯಾಗಿರುವುದು ಈ ಒಂದೇ ಕಡೆ. ಆದರೂ ನಾನು ಬೇಡವೆನ್ನಲು ಕಾರಣಗಳಿವೆ. ಮೊದಲ ವರ್ಷ ಗಣಿತ, ಸಿ ಭಾಷೆ, ಪೈಥಾನ್. ಎರಡನೆಯ ವರ್ಷ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಜಾವಾ. ಮಷಿನ್ ಲರ್ನಿಂಗ್ ಪಠ್ಯದಲ್ಲಿ ಬರುವುದು ಮೂರನೆಯ ವರ್ಷದ ಹೊತ್ತಿಗೆ. ಆಗ ಕಲಿಸುವ ಪಾಠಗಳಲ್ಲಿ ಹೆಚ್ಚಿನವು, ಅಂದರೆ ರಿಗ್ರೆಶನ್, ಡಿಸಿಶನ್ ಟ್ರೀ, ಕೆ-ಮೀನ್ಸ್ ಇವೆಲ್ಲ, ಪ್ರೊಸೆಸರಿನ ಮೇಲೇ ಓಡುತ್ತವೆ. ಗ್ರಾಫಿಕ್ಸ್ ಕಾರ್ಡಿನ ಸುದ್ದಿಗೇ ಅವು ಹೋಗುವುದಿಲ್ಲ. ದೊಡ್ಡ ನ್ಯೂರಲ್ ನೆಟ್‌ವರ್ಕ್ ತರಬೇತಿ ಮಾಡುವ ದಿನ ಬಂದಾಗ 4 ಜಿಬಿ ಮೆಮೊರಿ ಹೇಗೂ ಸಾಲುವುದಿಲ್ಲ. ಆಗ ಆಕೆ ನೆಟ್ ಮೂಲಕ ಗೂಗಲ್‌ನ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಓಡಿಸಲು ಬಿಡುವ ಗೂಗಲ್ ಕೊಲ್ಯಾಬ್ ತೆರೆಯುತ್ತಾಳೆ. ಅಲ್ಲಿ ಉಚಿತವಾಗಿಯೇ, ಬಿಡುವಿದ್ದಾಗ, 16 ಜಿಬಿಯ ಟಿ4 ಎಂಬ ಎನ್‌ವಿಡಿಯಾ ಚಿಪ್ ಸಿಗುತ್ತದೆ. ಕ್ಯಾಗಲ್ ಎಂಬಲ್ಲಿಯೂ ವಾರಕ್ಕೆ ಇಂತಿಷ್ಟು ಗಂಟೆ ಎಂದು ಕೊಡುತ್ತಾರೆ. ಹಾಸ್ಟೆಲಿನ ವೈಫೈ ಸರಿ ಇದ್ದರೆ ಸಾಕು. ಕೂಡಾದಲ್ಲಿ ನೇರವಾಗಿ ಪ್ರೋಗ್ರಾಮ್ ಬರೆಯುವುದನ್ನು ಕೈಯಾರೆ ಕಲಿಯಬೇಕು, ಅದೂ ನೆಟ್ ಇಲ್ಲದೆ ಎನ್ನುವ ಹಟದವಳಾದರೆ ಮಾತ್ರ 2050ಗೆ ಅರ್ಥವಿದೆ. ಮೊದಲ ವರ್ಷಕ್ಕೆ ಕಾಲಿಡುತ್ತಿರುವವರಲ್ಲಿ ಅಂಥವರು ವಿರಳ.

ಅದಕ್ಕೆ ಬದಲು ಈಗಿನಿಂದಲೇ ಕಾಡುವುದು ಆ ಲ್ಯಾಪ್‌ಟಾಪಿನ 8 ಜಿಬಿ ರ‍್ಯಾಮ್. ವಿಂಡೋಸ್ 11 ಸುಮ್ಮನೆ ಕೂತಿರುವಾಗಲೇ ಅದರಲ್ಲಿ ಗಣನೀಯ ಪಾಲು ನುಂಗಿರುತ್ತದೆ. ಮೇಲೆ ಬ್ರೌಸರ್, ಕೋಡ್ ಬರೆಯುವ ವಿಎಸ್ ಕೋಡ್, ಲ್ಯಾಪ್‌ಟಾಪಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ಒಂದು ವರ್ಚುವಲ್ ಮಷಿನ್ ತೆರೆದರೆ ಮುಗಿಯಿತು. ಇನ್ನೊಂದು ಎಂಟರ ಪಟ್ಟಿ ಹಾಕಿಸಿದರಾಯಿತಲ್ಲ ಎನ್ನಬಹುದು. ಹಾಕಿಸಬಹುದು, ಹಾಕಿಸಲೇಬೇಕು. ಆದರೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ ಮೇಲೆ, 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಏರಿ ಕೂತಿದೆ. ‘ಆಮೇಲೆ ಅಗ್ಗಕ್ಕೆ ಹಾಕಿಸಿಕೊಳ್ಳೋಣ’ ಎಂಬ ಹಳೆಯ ಲೆಕ್ಕ ಈಗ ಕೂಡಿಬರುವುದಿಲ್ಲ. 58 ಸಾವಿರದ ಲ್ಯಾಪ್‌ಟಾಪಿಗೆ ರ‍್ಯಾಮ್ ಖರ್ಚು ಸೇರಿಸಿ ನೋಡಿ, ಅದು ಮೂರನೆಯದಕ್ಕಿಂತ ಅಗ್ಗವಾಗಿ ಉಳಿಯುವುದಿಲ್ಲ.

ಒಂದು ವಿಚಿತ್ರವನ್ನೂ ಇಲ್ಲಿ ಹೇಳಿಬಿಡುತ್ತೇನೆ. 12450ಎಚ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಘಟಕಗಳು 48 (ಇದು ಇಂಟೆಲ್ ಲೆಕ್ಕ, ಎಎಮ್‌ಡಿಯ ಹನ್ನೆರಡರ ಜೊತೆ ಹೋಲಿಸಬೇಡಿ). ಅದಕ್ಕಿಂತ ಕಡಿಮೆ ವ್ಯಾಟ್‌ನ 1235ಯುವಿನಲ್ಲಿ 80. ಗ್ರಾಫಿಕ್ಸ್ ಕಾರ್ಡ್ ಜೊತೆಗಿರುತ್ತದೆ ಎಂಬ ಧೈರ್ಯದಲ್ಲಿ ಒಳಗಿನದನ್ನು ಕತ್ತರಿಸಿದಂತಿದೆ. ತೊಂದರೆ ಏನೆಂದರೆ ಇದೇ 12450ಎಚ್, ಅದರ ತಮ್ಮನಂತಿರುವ 13420ಎಚ್ ಇವುಗಳನ್ನು ಕಾರ್ಡೇ ಇಲ್ಲದ ಲ್ಯಾಪ್‌ಟಾಪುಗಳಲ್ಲೂ ಮಾರುತ್ತಾರೆ. ಪ್ರೊಸೆಸರ್ ಚುರುಕು, ಗ್ರಾಫಿಕ್ಸ್ ಮಂದ. ಕೋಡ್ ಬರೆಯುವವರಿಗೆ ಇದು ಪರವಾಗಿಲ್ಲ, ಒಳ್ಳೆಯ ಬೆಲೆಗೆ ಸಿಕ್ಕರೆ 7735ಎಚ್‌ಎಸ್‌ಗೆ ಬದಲಾಗಿ ನಾನು ಒಪ್ಪುವ ಎರಡನೆಯ ಆಯ್ಕೆಯೂ ಅದೇ. ಆಟ, ವಿಡಿಯೋ ಸಂಕಲನ ಎನ್ನುವವರಿಗೆ ಸಲ್ಲದು.

ತಮ್ಮನ ಆಟದ ವಿಷಯ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್, ಮೈನ್‌ಕ್ರಾಫ್ಟ್, ಹಳೆಯ ಜಿಟಿಎ 5 ಇಂಥವನ್ನು 680ಎಮ್, ಎರಡು ಪಟ್ಟಿಯ ರ‍್ಯಾಮ್ ಇದ್ದರೆ, ಸೆಟ್ಟಿಂಗ್ ಸ್ವಲ್ಪ ತಗ್ಗಿಸಿಕೊಂಡು ಚೆನ್ನಾಗಿಯೇ ಆಡಿಸುತ್ತದೆ. ರಜೆಯ ಹುಡುಗಾಟಕ್ಕೆ ಧಾರಾಳ. ಅವನು ಅದಕ್ಕಿಂತ ದೊಡ್ಡ ಆಟಗಳ ಹೆಸರು ಹೇಳಿದರೆ, ಅಕ್ಕನ ಪಠ್ಯದ ಲ್ಯಾಪ್‌ಟಾಪು ಅವನ ಆಟದ ಯಂತ್ರವಾಗಬೇಕಿಲ್ಲ ಎಂದು ಗದರಿಸುವ ಹಕ್ಕು ನಿಮಗಿದೆ.

ಗಂಭೀರವಾಗಿ ಆಡುವವರಿಗೆ, ಬ್ಲೆಂಡರ್‌ನಂಥ ಮೂರು ಆಯಾಮದ ಕೆಲಸ ಮಾಡುವವರಿಗೆ ನನ್ನ ಸಲಹೆ ಬೇರೆ: 2050ಗೆ ದುಡ್ಡು ಹಾಕಬೇಡಿ, ಇನ್ನಷ್ಟು ಕೂಡಿಸಿ ಆರ್‌ಟಿಎಕ್ಸ್ 4050ಕ್ಕೆ ಹೋಗಿ. ಅದರಲ್ಲಿ 6 ಜಿಬಿ ಮೆಮೊರಿ, ಒಳಗಿನ ವಿನ್ಯಾಸವೂ ಒಂದು ತಲೆಮಾರು ಹೊಸದು. 5050 ಸಿಕ್ಕರೆ ಅದರಲ್ಲಿ 8 ಜಿಬಿ. ನಡುವೆ 6 ಜಿಬಿಯ 3050 ಇದೆ, ತೀರಾ ಒಳ್ಳೆಯ ಬೆಲೆಗೆ ಬಂದರೆ ನೋಡಬಹುದು. ಆದರೆ ಇಲ್ಲೂ ಹೆಸರೊಂದೇ ಸಾಲದು, ವ್ಯಾಟ್ ಕೇಳಬೇಕು. ಲ್ಯಾಪ್‌ಟಾಪಿನ 4050ಗೆ ಎನ್‌ವಿಡಿಯಾ ಕೊಟ್ಟಿರುವ ಮಿತಿ 35ರಿಂದ 115 ವ್ಯಾಟ್. ಒಂದೇ ಹೆಸರು, ಮೂರರಷ್ಟಕ್ಕೂ ಮಿಕ್ಕಿದ ಅಂತರ. 50 ವ್ಯಾಟ್‌ನ 4050, 100 ವ್ಯಾಟ್‌ನ 4050 ಜೊತೆ ಓಡಲಾರದು. ಈ ವ್ಯಾಟ್ ಮಿತಿಯನ್ನು ಟಿಜಿಪಿ ಎನ್ನುತ್ತಾರೆ. ಅಂಗಡಿಯವರಿಗೆ ಗೊತ್ತಿರದಿದ್ದರೆ ತಯಾರಕರ ಜಾಲತಾಣದಲ್ಲಿ ಆ ಮಾದರಿಯ ಪುಟ ತೆಗೆದು ನೋಡಿ, ಇಲ್ಲವೇ ಲ್ಯಾಪ್‌ಟಾಪಿನ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ತೆರೆದರೆ ಗರಿಷ್ಠ ವ್ಯಾಟ್ ಎಷ್ಟೆಂದು ಬರೆದಿರುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಎರಡು ಅಂಗಡಿಗಳ ಲ್ಯಾಪ್‌ಟಾಪು ಹೋಲಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇಂಥ ಪ್ರಶ್ನೆ ಕೇಳಿದ ಕೂಡಲೇ ಮಾರಾಟಗಾರರ ಮಾತಿನ ಧಾಟಿ ಬದಲಾಗುವುದನ್ನು ನೋಡುವುದೇ ಒಂದು ಸುಖ.

ಕಾರ್ಡ್ ಇರುವ ಲ್ಯಾಪ್‌ಟಾಪಿನ ಭಾರವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಲ್ಯಾಪ್‌ಟಾಪು ಎರಡು ಕಿಲೋ ದಾಟುತ್ತದೆ, ಜೊತೆಗೆ ಇಟ್ಟಿಗೆಯಂಥ ಚಾರ್ಜರ್. ಹಾಸ್ಟೆಲಿನಿಂದ ಕಾಲೇಜಿಗೆ, ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೊಸದುರ್ಗಕ್ಕೆ ಅದನ್ನು ಹೊರುವವಳು ನಿಮ್ಮ ಮಗಳು. ತರಗತಿಯಲ್ಲಿ ಪ್ಲಗ್ ಸಿಗದ ದಿನ ಆ ಲ್ಯಾಪ್‌ಟಾಪು ಎಷ್ಟು ಹೊತ್ತು ಬಾಳುತ್ತದೆ ಎಂಬುದೂ ಮುಖ್ಯ. ಕಾರ್ಡ್ ಇಲ್ಲದವುಗಳಲ್ಲಿ ಹಲವು 65 ವ್ಯಾಟ್‌ನ ಟೈಪ್-ಸಿ ಚಾರ್ಜರಿನಲ್ಲೇ ನಡೆಯುತ್ತವೆ, ಮರೆತು ಬಂದರೆ ಗೆಳತಿಯರದನ್ನು ಎರವಲು ಪಡೆಯಬಹುದು. ಕೊಳ್ಳುವಾಗ ಟೈಪ್-ಸಿ ಕಿಂಡಿಯಲ್ಲಿ ಚಾರ್ಜ್ ಆಗುತ್ತದೆಯೇ ಎಂದು ಕೇಳಿ ನೋಡಿಕೊಳ್ಳಿ, ಎಲ್ಲದರಲ್ಲೂ ಆಗುವುದಿಲ್ಲ.

ಕೋರ್ ಅಲ್ಟ್ರಾಗೆ ಕಾಯುವ ಮಾತು. ಇಂಟೆಲ್ 2023ರ ಕೊನೆಗೆ ತನ್ನ ಹೊಸ ಚಿಪ್ಪುಗಳಿಂದ ‘ಐ’ ತೆಗೆದುಹಾಕಿ ಕೋರ್ ಅಲ್ಟ್ರಾ ಎಂದು ಕರೆಯಿತು. ಅದರಲ್ಲಿ ಅಲ್ಟ್ರಾ 5 125ಎಚ್ ಒಳ್ಳೆಯದೇ: ನಾಲ್ಕು ಬಲಿಷ್ಠ ಕೋರ್, ಎಂಟು ಚಿಕ್ಕವು, ಇನ್ನೆರಡು ಅತಿ ಚಿಕ್ಕವು, ಜೊತೆಗೆ ಆರ್ಕ್ ಎಂಬ ಸಾಕಷ್ಟು ಗಟ್ಟಿ ಗ್ರಾಫಿಕ್ಸ್. 65 ಸಾವಿರದೊಳಗೆ, ಎರಡು ಪಟ್ಟಿಯ 16 ಜಿಬಿಯೊಡನೆ ಸಿಕ್ಕರೆ 7735ಎಚ್‌ಎಸ್ ಬಿಟ್ಟು ಅದನ್ನೇ ತೆಗೆದುಕೊಳ್ಳಿ. ಆರ್ಕ್ ಎಂಬ ಹೆಸರಿಗೂ ಇಂಟೆಲ್ ಅದೇ ಷರತ್ತು ಹಾಕಿದೆ, ಕನಿಷ್ಠ 16 ಜಿಬಿ, ಎರಡು ಚಾನೆಲ್. ಆದರೆ ‘ಅಲ್ಟ್ರಾ’ ಇಲ್ಲದ ‘ಕೋರ್ 5’ ಎಂಬುದೂ ಇದೆ, ಎಚ್ಚರ. ಕೋರ್ 5 120ಯು ಎಂಬುದು ಹೆಸರಿನಲ್ಲಿ ಹೊಸದು, ಒಳಗೆ 13ನೇ ತಲೆಮಾರಿನ ವಿನ್ಯಾಸವೇ. ಕೆಟ್ಟದ್ದೆಂದಲ್ಲ, ಹೊಸದೆಂದು ಹೆಚ್ಚು ಬೆಲೆ ಕೊಡಬೇಡಿ ಎಂದಷ್ಟೇ. ಇನ್ನು ಎಐ ಲ್ಯಾಪ್‌ಟಾಪು, ಎನ್‌ಪಿಯು, 40 ಟಾಪ್ಸ್ ಎಂದೆಲ್ಲ ಜಾಹೀರಾತುಗಳಲ್ಲಿ ಕಾಣುತ್ತೀರಲ್ಲ, ಎನ್‌ಪಿಯು ಎಂದರೆ ಎಐ ಲೆಕ್ಕಗಳಿಗೆಂದೇ ಇರುವ ಭಾಗ, ಟಾಪ್ಸ್ ಅದರ ವೇಗದ ಅಳತೆ; ಆ 40 ಮೈಕ್ರೋಸಾಫ್ಟಿನ ಕೋಪೈಲಟ್ ಪ್ಲಸ್ ಪಿಸಿ ಎಂಬ ಗುರುತಿಗೆ ಬೇಕಾದ ಅರ್ಹತೆ. ವಿಡಿಯೋ ಕರೆಯಲ್ಲಿ ಹಿನ್ನೆಲೆ ಮಸುಕು ಮಾಡುವಂಥ ಕೆಲಸಗಳಿಗೆ ಸರಿ, ನಿಮ್ಮ ಮಗಳು ಕಲಿಯಬೇಕೆನ್ನುವ ಮಷಿನ್ ಲರ್ನಿಂಗಿಗೆ ಅದರಿಂದ ಸದ್ಯಕ್ಕೆ ಹೆಚ್ಚೇನೂ ಆಗುವುದಿಲ್ಲ. ಅದಕ್ಕಾಗಿ ಕಾಯಬೇಡಿ. ತರಗತಿ ಶುರುವಾಗುವ ಹೊತ್ತಿಗೆ ದಸರಾ, ದೀಪಾವಳಿಯ ರಿಯಾಯಿತಿ ಹತ್ತಿರವಿದ್ದರೆ ಕೆಲವು ವಾರ ತಾಳಬಹುದು, ಮೊದಲ ತಿಂಗಳಲ್ಲಿ ಲ್ಯಾಪ್‌ಟಾಪಿಲ್ಲದೆ ಯಾವ ಪಾಠವೂ ನಿಲ್ಲುವುದಿಲ್ಲ.

ಪ್ರೊಸೆಸರ್ ನೋಡುತ್ತ ಪರದೆಯನ್ನು ಮರೆಯಬೇಡಿ. ವಿವರಗಳಲ್ಲಿ ‘45% ಎನ್‌ಟಿಎಸ್‌ಸಿ’, ‘250 ನಿಟ್ಸ್’ (ಮೊದಲನೆಯದು ಬಣ್ಣದ ಹರವಿನ, ಎರಡನೆಯದು ಬೆಳಕಿನ ಅಳತೆ) ಎಂದಿದ್ದರೆ ಅದು ಅಗ್ಗದ ಪರದೆ. ಬಣ್ಣ ಸಪ್ಪೆ, ಕಿಟಕಿ ಪಕ್ಕ ಕೂತರೆ ಕಣ್ಣು ಕಿರಿದಾಗುತ್ತದೆ. ಈ ಬೆಲೆಯಲ್ಲಿ ಹಲವು ಅಂಥವೇ. 300 ನಿಟ್ಸ್, ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪರದೆ ಸಿಕ್ಕರೆ ಎರಡು ಸಾವಿರ ಹೆಚ್ಚು ಕೊಡಲು ಹಿಂಜರಿಯಬೇಡಿ. ಕೋಡ್ ಬರೆಯುವವರು ನೋಡುವುದು ಪರದೆಯನ್ನೇ ಹೊರತು ಪ್ರೊಸೆಸರನ್ನಲ್ಲ.

ಮಗಳು ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವ ಸಾಧ್ಯತೆ ಇದ್ದರೆ ಇನ್ನೊಂದು ಸಮಾಧಾನ. ಎಎಮ್‌ಡಿ ಗ್ರಾಫಿಕ್ಸ್‌ನ ಡ್ರೈವರುಗಳು ಲಿನಕ್ಸ್ ಕರ್ನೆಲ್‌ನೊಳಗೇ ಇವೆ, ಹಾಕಿದ ಕೂಡಲೇ ನಡೆಯುತ್ತದೆ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪುಗಳಲ್ಲಿ ಎನ್‌ವಿಡಿಯಾ ಡ್ರೈವರನ್ನು ಬೇರೆಯಾಗಿ ಕೂರಿಸಿ, ಯಾವುದು ಯಾವಾಗ ಓಡಬೇಕೆಂದು ಒಗ್ಗಿಸಬೇಕು. ಕಲಿಯುವವರಿಗೆ ಅದೂ ಒಂದು ಪಾಠವೆನ್ನಿ, ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಬೇಡವಾದ ಪಾಠ.

ಕೊಳ್ಳುವ ದಿನ ಮಗಳನ್ನೂ ಕರೆದುಕೊಂಡು ಹೋಗಿ. ಬಿಲ್ಲಿನಲ್ಲಿ ಪ್ರೊಸೆಸರಿನ ಪೂರ್ತಿ ಸಂಖ್ಯೆ, ರ‍್ಯಾಮ್ ಎಷ್ಟು ಪಟ್ಟಿ ಎಂಬುದನ್ನು ಬರೆಸಿ. ಪೆಟ್ಟಿಗೆ ಅಂಗಡಿಯಲ್ಲೇ ಒಡೆಸಿ, ಟಾಸ್ಕ್ ಮ್ಯಾನೇಜರ್ ನೋಡಿ, ಬಿಲ್ಲಿನಲ್ಲಿ ಬರೆದಿದ್ದಕ್ಕೂ ಪರದೆಯಲ್ಲಿ ಕಂಡಿದ್ದಕ್ಕೂ ತಾಳೆಯಾದ ಮೇಲೆ ಹಣ ಕೊಡಿ. ವಾರಂಟಿಯ ದುರಸ್ತಿ ಬೆಂಗಳೂರಿನ ಹಾಸ್ಟೆಲಿಗೇ ಬಂದು ಮಾಡಿಕೊಡುತ್ತಾರೋ, ಇಲ್ಲ ಸೇವಾಕೇಂದ್ರಕ್ಕೆ ಒಯ್ಯಬೇಕೋ ಎಂಬುದನ್ನೂ ಕೇಳಿ. ಬಿದ್ದು ಒಡೆದರೂ ರಕ್ಷಣೆ ಕೊಡುವ ಹೆಚ್ಚುವರಿ ವಾರಂಟಿ ಎರಡು ಮೂರು ಸಾವಿರಕ್ಕೆ ಸಿಕ್ಕರೆ, ಹಾಸ್ಟೆಲಿನ ಮೇಲಿನ ಮಂಚದಲ್ಲಿ ಮಲಗುವ ಹುಡುಗಿಗೆ ಅದನ್ನು ಹಾಕಿಸಿಬಿಡಿ. 62ಕ್ಕೆ ಅದು ಸೇರಿದರೂ ನಿಮ್ಮ 65 ದಾಟುವುದಿಲ್ಲ.